ನಿಂತ ಬಸ್ಸು, ನಿಲ್ಲದ ಮೋಟಾರು

ಹಾಸನ ತಾಲ್ಲೂಕಿನ ಕಟ್ಟಾಯ ಹೋಬಳಿಯ ರಸ್ತೆಗಳಲ್ಲಿ ಶಾಲೆಯ ವೇಳೆಗೆ ಸಂಚರಿಸಿದವರಿಗೆಲ್ಲ ಒಂದು ದೃಶ್ಯವು ಪರಿಚಿತವಾಗಿರಲೇಬೇಕು. ಬಸ್ಸು ನಿಲ್ಲುತ್ತದೆ; ಪುಸ್ತಕದ ಚೀಲವನ್ನು ಹೊತ್ತ ಮಕ್ಕಳು ಎಡಗಡೆಯ ಬಾಗಿಲಿನಿಂದ ಇಳಿಯುತ್ತಾರೆ; ರಸ್ತೆಯ ಆಚೆಗೆ ಮನೆಯುಳ್ಳ ಮಗುವು ಬಸ್ಸಿನ ಮುಂಭಾಗವನ್ನು ಬಳಸಿಕೊಂಡು ದಾಟಲು ಹೊರಡುತ್ತದೆ. ಅದೇ ಕ್ಷಣದಲ್ಲಿ ಹಿಂದಿನಿಂದ ಬಂದ ಕಾರೋ ಟಿಪ್ಪರೋ ಬೈಕೋ ಹಾರನ್ನು ಬಾರಿಸುತ್ತ ಬಲಗಡೆಯಿಂದ ಮುನ್ನುಗ್ಗುತ್ತದೆ. ಮಗುವಿಗೆ ವಾಹನವು ಕಾಣದು, ವಾಹನದವನಿಗೆ ಮಗುವು ಕಾಣದು. ನಡುವೆ ಬಸ್ಸೇ ಗೋಡೆಯಾಗಿ ನಿಂತಿರುತ್ತದೆ. ಹೆಚ್ಚಿನ ದಿನಗಳಲ್ಲಿ ಏನೂ ಆಗುವುದಿಲ್ಲವೆಂಬುದು ನಿಜ. ಆದರೆ ಏನೂ ಆಗಲಿಲ್ಲವೆಂಬ ಈ ಸಮಾಧಾನವೇ ನಮ್ಮ ಔದಾಸೀನ್ಯಕ್ಕೆ ತಾಯಿಬೇರಾಗಿದೆ. ಆಗಬಾರದುದು ಆಗುವ ಆ ಒಂದು ದಿನದ ಹೊಣೆಯನ್ನು ಹೊರುವವರು ಯಾರೆಂಬುದೇ ಇಂದು ನಾವು ಮಹಾಜನರ ಮುಂದೆಯೂ ಅಧಿಕಾರಿವರ್ಗದವರ ಮುಂದೆಯೂ ಇಡಬಯಸುವ ಪ್ರಶ್ನೆ.

ಲೆಕ್ಕವು ಕಠಿನವಾದುದಲ್ಲ. ಗಂಟೆಗೆ 60 ಕಿಲೋಮೀಟರಿನ ವೇಗದಲ್ಲಿ ಹೋಗುವ ವಾಹನವು ಒಂದು ಸೆಕೆಂಡಿನಲ್ಲಿ ಹದಿನಾರು ಮೀಟರಿಗೂ ಹೆಚ್ಚು ದೂರವನ್ನು ಕ್ರಮಿಸುತ್ತದೆ. ನಿಂತ ಬಸ್ಸಿನ ಉದ್ದವನ್ನು ದಾಟುವುದಕ್ಕೆ ಅದಕ್ಕೆ ಒಂದು ಸೆಕೆಂಡೂ ಬೇಡ. ಬಸ್ಸಿನ ಮರೆಯಿಂದ ಮಗುವು ಒಂದು ಹೆಜ್ಜೆ ಹೊರಗಿಟ್ಟುದನ್ನು ಕಂಡು, ಚಾಲಕನು ಕಾಲನ್ನು ಬ್ರೇಕಿನ ಮೇಲಿಡುವಷ್ಟರಲ್ಲಿ ಕಾರ್ಯವು ಮುಗಿದುಹೋಗಿರುತ್ತದೆ. ಆದುದರಿಂದ ಇಲ್ಲಿ ಚಾಲಕನ ಕೈಚಳಕವನ್ನು ನಂಬುವುದು ವ್ಯರ್ಥ. ಬಸ್ಸು ನಿಂತಾಗ ತಾನೂ ನಿಲ್ಲುವುದೊಂದೇ ಉಪಾಯ.

ಹೀಗೆ ನಿಲ್ಲಬೇಕೆಂಬ ನಿಯಮವು ನಮ್ಮಲ್ಲಿದೆಯೆ? 1988ರ ಮೋಟಾರು ವಾಹನಗಳ ಕಾಯಿದೆಯ 184ನೆಯ ಸೆಕ್ಷನ್ನು, 2019ರ ತಿದ್ದುಪಡಿಯಾದ ಮೇಲೆ, ನಿಲುಗಡೆಯ ಫಲಕವನ್ನು ಉಲ್ಲಂಘಿಸುವುದನ್ನೂ ಕಾನೂನಿಗೆ ವಿರುದ್ಧವಾಗಿ ಇತರ ವಾಹನಗಳನ್ನು ಹಿಂದಿಕ್ಕುವುದನ್ನೂ ಅಪಾಯಕರ ಚಾಲನೆಯೆಂದು ಹೆಸರಿಸಿ, ಮೊದಲ ತಪ್ಪಿಗೆ ಒಂದು ಸಾವಿರದಿಂದ ಐದು ಸಾವಿರ ರೂಪಾಯಿಗಳವರೆಗೆ ದಂಡವನ್ನೂ ಆರು ತಿಂಗಳಿಗೆ ಕಡಿಮೆಯಲ್ಲದ ಸೆರೆವಾಸವನ್ನೂ, ಅಥವಾ ಇವೆರಡರಲ್ಲೊಂದನ್ನು, ವಿಧಿಸುತ್ತದೆ. ದಂಡವೇನೋ ಇದೆ. ಆದರೆ ಮಕ್ಕಳನ್ನು ಇಳಿಸುತ್ತಿರುವ ಬಸ್ಸನ್ನು ಕಂಡೊಡನೆ ಹಿಂದಿನವನೂ ಎದುರಿನವನೂ ವಾಹನವನ್ನು ನಿಲ್ಲಿಸತಕ್ಕದ್ದೆಂಬ ಸ್ಪಷ್ಟವಾದ ಒಂದು ಮಾತು ನಮ್ಮ ರಸ್ತೆಯ ನಿಯಮಗಳಲ್ಲಿ ಇಲ್ಲ. ಕೆಲವು ಹೊಸ ಶಾಲಾ ಬಸ್ಸುಗಳ ಪಕ್ಕದಲ್ಲಿ 'ನಿಲ್ಲಿ' ಎಂಬರ್ಥದ ಕೆಂಪು ಫಲಕವು ತೋಳಿನಂತೆ ಹೊರಕ್ಕೆ ಚಾಚಿಕೊಳ್ಳುವುದನ್ನು ನಾವು ಕಂಡಿದ್ದೇವೆ. ಫಲಕವು ಬಂದಿತು, ಅದರ ಹಿಂದೆ ನಿಲ್ಲಬೇಕಾದ ವಿಧಿಯು ಬರಲಿಲ್ಲ. ದಂಡವಿಲ್ಲದ ದಫೇದಾರನಂತೆ ಅದು ಕೈಯೆತ್ತಿ ನಿಂತಿದೆ.

ನಮ್ಮ ದೇಶದಲ್ಲಿ ಶಾಲಾ ವಾಹನಗಳ ವಿಷಯವಾಗಿ ಏನೂ ನಡೆದಿಲ್ಲವೆಂದು ಹೇಳುವುದು ಅನ್ಯಾಯವಾದೀತು. 1997ರ ನವೆಂಬರಿನಲ್ಲಿ ದೆಹಲಿಯ ವಜೀರಾಬಾದಿನ ಬಳಿ ಶಾಲೆಯ ಬಸ್ಸೊಂದು ಯಮುನಾ ನದಿಗೆ ಉರುಳಿ 28 ಮಂದಿ ವಿದ್ಯಾರ್ಥಿಗಳು ಅಸುನೀಗಿದ ಮೇಲೆ ಸುಪ್ರೀಂ ಕೋರ್ಟು ಕಟ್ಟಳೆಗಳನ್ನು ವಿಧಿಸಿತು: ಬಸ್ಸಿನ ಹಿಂದೆಯೂ ಮುಂದೆಯೂ ಶಾಲಾ ಬಸ್ಸೆಂದು ಬರೆದಿರಬೇಕು, ವೇಗಕ್ಕೆ ಕಡಿವಾಣವಿರಬೇಕು, ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ಸಹಾಯಕನಿರಬೇಕು, ಚಾಲಕನು ಅನುಭವಸ್ಥನಾಗಿರಬೇಕು. ಕರ್ನಾಟಕ ಸರ್ಕಾರದವರೂ 2012ರಲ್ಲಿ ಶಾಲಾ ಮಕ್ಕಳನ್ನು ಸಾಗಿಸುವ ವಾಹನಗಳಿಗಾಗಿಯೇ ಪ್ರತ್ಯೇಕ ನಿಯಮಗಳನ್ನು ಮಾಡಿದರು. ಇವೆಲ್ಲವೂ ಸ್ತುತ್ಯರ್ಹವೇ. ಆದರೆ ಇವುಗಳ ದೃಷ್ಟಿಯೆಲ್ಲ ಬಸ್ಸಿನ ಒಳಗಿನ ಮಗುವಿನ ಮೇಲೆ ನೆಟ್ಟಿದೆ. ಬಸ್ಸಿನಿಂದ ಇಳಿದ ಮಗುವು ರಸ್ತೆಯನ್ನು ದಾಟುವ ಆ ಹತ್ತು ಹೆಜ್ಜೆಗಳಿಗೆ ಕಾವಲುಗಾರರಿಲ್ಲ.

ಇತರ ದೇಶದವರ ಅನುಭವವು ಇಲ್ಲಿ ನಮಗೆ ಪ್ರಯೋಜನಕಾರಿಯಾಗಿದೆ. ಅಮೆರಿಕದ ಐವತ್ತು ಸಂಸ್ಥಾನಗಳಲ್ಲಿಯೂ, ಕೆಂಪು ದೀಪವನ್ನು ಮಿನುಗಿಸಿ ನಿಂತ ಶಾಲಾ ಬಸ್ಸನ್ನು ದಾಟಿ ಹೋಗುವುದು ಅಪರಾಧ. ನಡುವೆ ಕಟ್ಟೆಯಿಲ್ಲದ ರಸ್ತೆಯಾದರೆ ಎದುರಿನಿಂದ ಬರುವವನೂ ನಿಲ್ಲಬೇಕು. ಕಾಯಿದೆಯು ಇಷ್ಟು ಸ್ಪಷ್ಟವಾಗಿದ್ದರೂ, 2019ರಲ್ಲಿ 39 ಸಂಸ್ಥಾನಗಳ ಬಸ್ಸು ಚಾಲಕರು ಒಂದು ದಿನ ಎಣಿಸಿ ನೋಡಿದಾಗ, ತೊಂಬತ್ತೈದು ಸಾವಿರಕ್ಕೂ ಮೇಲ್ಪಟ್ಟು ವಾಹನಗಳು ನಿಯಮವನ್ನು ಮುರಿದು ಮುಂದೆ ಹೋಗಿದ್ದುವು. ಅದಕ್ಕೆ ಹಿಂದಿನ ವರ್ಷ, 2018ರ ಅಕ್ಟೋಬರ್ 30ರ ಬೆಳಗ್ಗೆ, ಇಂಡಿಯಾನ ಸಂಸ್ಥಾನದ ರಾಚೆಸ್ಟರ್ ಪಟ್ಟಣದ ಬಳಿ ಬಸ್ಸು ಹತ್ತಲು ರಸ್ತೆಯನ್ನು ದಾಟುತ್ತಿದ್ದ ಒಂದೇ ಮನೆಯ ಮೂರು ಮಕ್ಕಳು, ನಿಲ್ಲದ ಒಂದು ವಾಹನಕ್ಕೆ ಸಿಕ್ಕಿ ಮಡಿದರು. ಇದನ್ನು ವಿಚಾರಿಸಿದ ಅಲ್ಲಿನ ಸಾರಿಗೆ ಸುರಕ್ಷತಾ ಮಂಡಲಿಯು ಚಾಲಕಳ ತಪ್ಪನ್ನು ಹೇಳಿ ಸುಮ್ಮನಾಗಲಿಲ್ಲ. ವಾಹನಗಳು ವೇಗವಾಗಿ ಓಡುವ ರಸ್ತೆಯನ್ನು ಮಕ್ಕಳು ದಾಟಿ ಬರಲೇಬೇಕಾದಂಥ ಸ್ಥಳದಲ್ಲಿ ನಿಲುಗಡೆಯನ್ನಿಟ್ಟ ಶಾಲೆಯ ಆಡಳಿತದವರ ಅವಿಚಾರವನ್ನೂ ಎತ್ತಿ ತೋರಿಸಿತು.

ಈ ತೀರ್ಮಾನವೇ ನಮ್ಮ ವಾದದ ತಿರುಳು. ಕಾಯಿದೆಯು ಬೇಕು, ಆದರೆ ಕಾಯಿದೆಯನ್ನು ಮುರಿಯುವವನು ಎಲ್ಲಿಯೂ ಇರುತ್ತಾನೆಂದು ತಿಳಿದು, ಮಗುವು ರಸ್ತೆಯನ್ನು ದಾಟಬೇಕಾದ ಪ್ರಸಂಗವನ್ನೇ ಸಾಧ್ಯವಾದಷ್ಟು ತಪ್ಪಿಸುವುದು ಅದಕ್ಕಿಂತಲೂ ಮೊದಲು ಬೇಕು. ಕಾಯಿದೆಯು ದೆಹಲಿಯಿಂದ ಬರಬೇಕು. ನಿಲುಗಡೆಯನ್ನು ಹತ್ತು ಮಾರು ಸರಿಸುವುದಕ್ಕೆ ಹಾಸನವೇ ಸಾಕು.

ಕಟ್ಟಾಯದ ಸೀಮೆಯಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವೂ ಉಂಟು. ಹಳದಿ ಬಣ್ಣದ ಬಸ್ಸಿನಲ್ಲಿ ಹೋಗುವ ಮಕ್ಕಳಿಗೆ ಹೆಸರಿಗಾದರೂ ಒಂದು ಗುರುತಿದೆ. ಸರ್ಕಾರದ ಶಾಲೆಗೂ ಕಾಲೇಜಿಗೂ ಹಳ್ಳಿಗಳಿಂದ ಹೋಗುವ ಮಕ್ಕಳಿಗೆ ಸಾರಿಗೆ ಸಂಸ್ಥೆಯ ಕೆಂಪು ಬಸ್ಸೇ ಶಾಲಾ ಬಸ್ಸು. 1948ರ ಸೆಪ್ಟೆಂಬರಿನಲ್ಲಿ 120 ಬಸ್ಸುಗಳಿಂದ ಆರಂಭವಾದ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯೇ ಬೆಳೆದು ಇಂದಿನ ಸಂಸ್ಥೆಯಾಗಿದೆ. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಅದರಲ್ಲಿ ಪ್ರಯಾಣವು ಉಚಿತವಾಗಿದೆ. ಮಗಳನ್ನು ಓದಿಗೆ ಕಳುಹಿಸಿರೆಂದು ಕರೆಯುವ ಸರ್ಕಾರವು ಅವಳು ಬಸ್ಸಿನಿಂದ ಇಳಿದು ಮನೆಯನ್ನು ಸೇರುವವರೆಗೂ ಕಣ್ಣಿಡುವುದು ಧರ್ಮವಲ್ಲವೆ? ನಿಲ್ಲಬೇಕೆಂಬ ನಿಯಮವು ಹಳದಿ ಬಸ್ಸಿಗೆ ಮಾತ್ರ ಅನ್ವಯಿಸಿದರೆ ಬಡವರ ಮಕ್ಕಳು ಅದರ ಹೊರಗೇ ಉಳಿಯುವರು.

ರಸ್ತೆಯ ಅಂಚಿನಲ್ಲಿ ಜನರು ಕಲೆತಿರುವ ಸ್ಥಳದಲ್ಲಿ ವೇಗವು ಏನು ಮಾಡಬಲ್ಲುದೆಂಬುದನ್ನು ಹಾಸನ ತಾಲ್ಲೂಕಿನವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 2025ರ ಸೆಪ್ಟೆಂಬರ್ 12ರ ರಾತ್ರಿ ಮೊಸಳೆಹೊಸಹಳ್ಳಿಯಲ್ಲಿ ಗಣಪತಿಯ ಮೆರವಣಿಗೆಯ ಮೇಲೆ ಲಾರಿಯು ನುಗ್ಗಿ, ಓದುತ್ತಿದ್ದ ತರುಣರೂ ಸೇರಿದಂತೆ ಅನೇಕರು ಪ್ರಾಣವನ್ನು ಕಳೆದುಕೊಂಡರು. ಅದರ ಕಾರಣಗಳು ಬೇರೆ. ಅದನ್ನು ಇದರೊಡನೆ ಕಲಸುವ ಉದ್ದೇಶವು ನಮಗಿಲ್ಲ. ದುಃಖವು ಬಂದ ಮೇಲೆ ನಡೆಸುವ ಸಭೆಗಿಂತ, ಬರುವುದಕ್ಕೆ ಮುಂಚೆ ನೆಡುವ ಒಂದು ಫಲಕವು ಮೇಲೆಂಬುದಷ್ಟೇ ನಮ್ಮ ಮಾತು.

ಆದುದರಿಂದ ನಾವು ಸೂಚಿಸುವುದೇನೆಂದರೆ: ಕಾಯಿದೆಯ 215ನೆಯ ಸೆಕ್ಷನ್ನಿನಂತೆ ಏರ್ಪಡುವ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯವರು ಮೊದಲು ಕಟ್ಟಾಯ ಹೋಬಳಿಯ ನಿಲುಗಡೆಗಳನ್ನು, ಶಾಲೆಯ ವೇಳೆಯಲ್ಲಿಯೇ, ಕಾಲುನಡಗೆಯಲ್ಲಿ ಪರೀಕ್ಷಿಸಲಿ. 117ನೆಯ ಸೆಕ್ಷನ್ನು ಕೊಡುವ ಅಧಿಕಾರದಿಂದ, ತಿರುವಿನಲ್ಲಿಯೂ ದಿಣ್ಣೆಯ ನೆತ್ತಿಯಲ್ಲಿಯೂ ಇರುವ ನಿಲುಗಡೆಗಳನ್ನು ಸರಿಸಿ, ಊರೊಳಕ್ಕೆ ಬಸ್ಸು ಹೋಗಬಲ್ಲ ಕಡೆ ಒಳಗೇ ಮಕ್ಕಳನ್ನಿಳಿಸುವ ಏರ್ಪಾಡಾಗಲಿ. ಬೇರೆ ದಾರಿಯಿಲ್ಲದ ಸ್ಥಳಗಳಲ್ಲಿ 116ನೆಯ ಸೆಕ್ಷನ್ನಿನಂತೆ ಫಲಕಗಳನ್ನು ನೆಟ್ಟು, ವೇಗವನ್ನು ತಗ್ಗಿಸುವ ಉಬ್ಬುಗಳನ್ನು ಹಾಕಲಿ. ಶಾಲಾ ಬಸ್ಸಿನ ಸಹಾಯಕನು ತಾನೇ ಕೆಳಗಿಳಿದು, ಕೈಹಿಡಿದು ಮಕ್ಕಳನ್ನು ದಾಟಿಸಿದ ಮೇಲೆ ಮಾತ್ರ ಬಸ್ಸು ಹೊರಡಲಿ. ರಾಜ್ಯ ಸರ್ಕಾರದವರೂ ನಮ್ಮ ಲೋಕಸಭಾ ಸದಸ್ಯರೂ ಕೇಂದ್ರವನ್ನು ಒತ್ತಾಯಪಡಿಸಿ, 118ನೆಯ ಸೆಕ್ಷನ್ನಿನಡಿಯಲ್ಲಿ 2017ರಲ್ಲಿ ಆದ ಚಾಲನಾ ನಿಯಮಗಳಿಗೆ ಈ ಒಂದು ವಾಕ್ಯವನ್ನು ಸೇರಿಸಲಿ: ಮಕ್ಕಳನ್ನು ಹತ್ತಿಸುವ ಅಥವಾ ಇಳಿಸುವ ಬಸ್ಸು ನಿಂತಲ್ಲಿ ಎರಡು ಕಡೆಯ ವಾಹನಗಳೂ ನಿಲ್ಲತಕ್ಕದ್ದು.

ಇದರಿಂದ ಸಂಚಾರಕ್ಕೆ ವಿಳಂಬವಾಗುವುದೆಂದು ಆಕ್ಷೇಪಿಸುವವರುಂಟು. ಒಂದು ನಿಲುಗಡೆಗೆ ಅರ್ಧ ನಿಮಿಷವೆಂದಿಟ್ಟರೂ, ಗೊರೂರಿಗೋ ಅರಕಲಗೂಡಿಗೋ ಹೋಗುವವರಿಗೆ ಆಗುವ ನಷ್ಟವು ಒಂದು ಲೋಟ ಕಾಫಿಯನ್ನು ಕುಡಿಯುವ ಹೊತ್ತಿಗಿಂತ ಹೆಚ್ಚಲ್ಲ. ಮಕ್ಕಳಿಗೇ ಎಚ್ಚರಿಕೆಯನ್ನು ಕಲಿಸಬಾರದೇಕೆಂದು ಕೇಳುವವರೂ ಇದ್ದಾರೆ. ಕಲಿಸಲಿ, ಅವಶ್ಯವಾಗಿ ಕಲಿಸಲಿ. ಆದರೆ ಏಳು ವರ್ಷದ ಕೂಸಿನಿಂದ ವಾಹನದ ವೇಗವನ್ನು ಅಳೆಯುವ ವಿವೇಕವನ್ನು ನಿರೀಕ್ಷಿಸಿ, ಚಾಲನೆಯ ಲೈಸೆನ್ಸು ಪಡೆದ ಪ್ರೌಢನನ್ನು ಆ ವಿವೇಕದಿಂದ ವಿನಾಯಿತಿಗೊಳಿಸುವುದು ಯಾವ ನ್ಯಾಯ?

ಕೊನೆಯದಾಗಿ, ಈ ಪತ್ರಿಕೆಯನ್ನೋದುವ ಮಹನೀಯರಲ್ಲಿ ಒಂದು ವಿಜ್ಞಾಪನೆ. ಆ ರಸ್ತೆಯಲ್ಲಿ ಅವಸರದಿಂದ ಹೋಗುವ ಕಾರುಗಳಲ್ಲಿ ಕುಳಿತವರು ಅನ್ಯರಲ್ಲ. ನಮ್ಮ ವಕೀಲರು, ವರ್ತಕರು, ಉಪಾಧ್ಯಾಯರು, ಸರ್ಕಾರದ ಅಧಿಕಾರಿಗಳು. ಸ್ವರಾಜ್ಯವೆಂದರೆ ತನ್ನನ್ನು ತಾನು ಆಳಿಕೊಳ್ಳುವುದೆಂದು ನಮ್ಮ ಹಿರಿಯರು ಬೋಧಿಸಿದರು. ಪೋಲೀಸಿನವನಿಲ್ಲದ ಹಳ್ಳಿಯ ರಸ್ತೆಯಲ್ಲಿ, ಬರೆದ ಕಾಯಿದೆಯು ಬರುವುದಕ್ಕೆ ಮುಂಚೆಯೇ, ನಿಂತ ಬಸ್ಸಿನ ಹಿಂದೆ ತನ್ನ ವಾಹನವನ್ನು ನಿಲ್ಲಿಸುವವನೇ ಆ ಮಾತನ್ನು ಅರ್ಥಮಾಡಿಕೊಂಡ ಪ್ರಜೆ. ಹಾಗೆ ಮೊದಲು ನಿಲ್ಲುವ ವಾಹನವು ಸರ್ಕಾರದ ವಾಹನವೇ ಆಗಲೆಂದು ಹಾರೈಸುತ್ತೇವೆ.