ತೆರೆಯ ಮುಂದಿನ ಸಭಾಸದರು

ಕಳೆದ ತಿಂಗಳ ಗೋಷ್ಠಿಯಲ್ಲಿ ಹಿರಿಯ ಮಿತ್ರರೊಬ್ಬರು ಈಗಿನ ತರುಣಿಯರ ಸಂಗೀತಾಭಿರುಚಿಯನ್ನು ಖಂಡಿಸುತ್ತ, “ಎದುರಿಗೆ ಇಲ್ಲದ ಗಾಯಕಿಗೆ ಎದ್ದು ನಿಂತು ಕೈತಟ್ಟುವ ಮೌಢ್ಯ” ಎಂದು ನುಡಿದರು. ಸಭೆ ನಕ್ಕಿತು. ನಾನು ಸುಮ್ಮನಿದ್ದೆನು. ಅವರು ಹಳಿದ ಆ ಸಭೆಯಲ್ಲಿ ನಾನೂ ಒಬ್ಬನಾಗಿ ಕುಳಿತಿದ್ದವನೆಂದು ಒಪ್ಪಿಕೊಳ್ಳುವ ಧೈರ್ಯ ಅಂದು ಬರಲಿಲ್ಲ. ಆ ಮೌನಕ್ಕೆ ಪ್ರಾಯಶ್ಚಿತ್ತವಾಗಿ ಇದನ್ನು ಬರೆಯುತ್ತಿದ್ದೇನೆ.

೨೦೨೩ರ ನವೆಂಬರಿನಲ್ಲಿ ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ ಎಂಬಾಕೆಯ ‘ದಿ ಎರಾಸ್ ಟೂರ್’ ಎಂಬ ಗಾನಪ್ರವಾಸದ ಚಲಚ್ಚಿತ್ರವು ನಮ್ಮ ದೇಶದ ಚಿತ್ರಮಂದಿರಗಳಿಗೆ ಬಂದಿತು. ನಾನಾಗ ಕಣ್ಣಿನ ಚಿಕಿತ್ಸೆಗೆಂದು ಬೆಂಗಳೂರಿನಲ್ಲಿದ್ದೆನು. ಅಲ್ಲಿ ಓದುತ್ತಿರುವ ಮೊಮ್ಮಗಳು, “ಅಜ್ಜ, ಒಬ್ಬಳೇ ಹೋಗುವುದಕ್ಕೆ ಬೇಸರ, ನೀವೂ ಬನ್ನಿ” ಎಂದಳು. ಹೋದೆನು. ಮೂರು ಗಂಟೆಗೆ ತುಸು ಕಡಮೆಯಾದ ಆ ಚಿತ್ರದಲ್ಲಿ ಒಂದು ಹಾಡಿನ ಮಾತೂ ನನಗೆ ಸರಿಯಾಗಿ ತಿಳಿಯಲಿಲ್ಲ. ಅಬ್ಬರ ಮಾತ್ರ ಬೇಕಾದುದಕ್ಕಿಂತ ಹೆಚ್ಚಾಗಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಮೇಲು, ಇಲ್ಲವಾದರೆ ನಾನು ಆ ಗಾಯಕಿಯ ವಕೀಲನೆಂದು ಯಾರಾದರೂ ತಿಳಿದಾರು.

ಇನ್ನು ಪೂರ್ವಪಕ್ಷವನ್ನು ನೋಡೋಣ. ಗಾಯಕಿ ಅಲ್ಲಿರಲಿಲ್ಲ, ಇದ್ದುದು ಆಕೆಯ ಛಾಯೆ ಎಂಬುದು ಮೊದಲ ಆಕ್ಷೇಪ. ಒಪ್ಪಿದೆ. ಆದರೆ ಆ ಚಿತ್ರವನ್ನು ತೆಗೆದ ಲಾಸ್ ಏಂಜಲೀಸಿನ ಕ್ರೀಡಾಂಗಣವು ಸುಮಾರು ೭೦,೦೦೦ ಮಂದಿ ಕೂಡುವಂಥದು. ಅಲ್ಲಿ ಹಿಂದಿನ ಸಾಲುಗಳಲ್ಲಿ ಕುಳಿತವನು ಕಂಡದ್ದೇನು? ವೇದಿಕೆಯ ಮೇಲೆ ಹೆಬ್ಬೆರಳಿನಷ್ಟು ಗಾತ್ರದ ಒಂದು ಆಕೃತಿ. ಮುಖ ಕಾಣಬೇಕಾದರೆ ಅವನೂ ದೊಡ್ಡ ತೆರೆಯನ್ನೇ ನೋಡಬೇಕು. ಭರತಮುನಿಯು ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯದಲ್ಲಿ ಮನುಷ್ಯರ ಪ್ರೇಕ್ಷಾಗೃಹಕ್ಕೆ ೬೪ ಹಸ್ತ ಉದ್ದ, ೩೨ ಹಸ್ತ ಅಗಲವೇ ಯುಕ್ತವೆಂದೂ, ಅದಕ್ಕಿಂತ ದೊಡ್ಡದಾದರೆ ಮಾತು ಚದರಿ ಮುಖದ ಭಾವವು ಮಸಕಾಗುವುದೆಂದೂ ಹೇಳಿದ್ದಾನೆ. ಆ ಅಳತೆಯನ್ನು ಮೀರಿದ ದಿನವೇ ಛಾಯೆಯು ಸಭೆಯೊಳಕ್ಕೆ ಬಂದಾಯಿತು. ಪಾಪ, ಬೆಂಗಳೂರಿನ ಹುಡುಗಿಯರೇನು ಮಾಡಿಯಾರು? ೨೦೨೩ರ ಮಾರ್ಚಿಯಿಂದ ೨೦೨೪ರ ಡಿಸೆಂಬರಿನವರೆಗೆ ನಡೆದ ಆ ಪ್ರವಾಸದ ೧೪೯ ಕಛೇರಿಗಳಲ್ಲಿ ಒಂದಾದರೂ ಭಾರತದಲ್ಲಿ ನಡೆಯಲಿಲ್ಲ.

ಎದ್ದು ಕುಣಿಯುವುದು, ಕೂಗುವುದು ಅಸಭ್ಯವೆಂಬುದು ಎರಡನೆಯ ಆಕ್ಷೇಪ. ಮಿತ್ರರು ನಾಟ್ಯಶಾಸ್ತ್ರವನ್ನು ಮೊದಲಿನ ಕೆಲವು ಅಧ್ಯಾಯಗಳಿಗೆ ನಿಲ್ಲಿಸಿದಂತಿದೆ. ಇಪ್ಪತ್ತೇಳನೆಯದಕ್ಕೆ ಬರಲಿ. ಪ್ರಯೋಗದ ಮಾನುಷೀ ಸಿದ್ಧಿಯ ಲಕ್ಷಣಗಳು ಅಲ್ಲಿವೆ: ಮುಗುಳ್ನಗೆ, ಅಟ್ಟಹಾಸ, ‘ಸಾಧು’ ಎಂಬ ಮೆಚ್ಚುಗೆ, ‘ಅಹೋ’ ಎಂಬ ಬೆರಗು, ‘ಕಷ್ಟಂ’ ಎಂಬ ಮರುಕ, ಏರುವ ಘೋಷ, ರೋಮಾಂಚ, ಆಸನದಿಂದೇಳುವುದು, ಮೈಮೇಲಿನ ವಸ್ತ್ರವನ್ನೇ ಕೊಟ್ಟುಬಿಡುವುದು. ಆ ಮಕ್ಕಳು ಇವುಗಳಲ್ಲಿ ಬಹುಪಾಲನ್ನು ಅರಿಯದೆಯೇ ಆಚರಿಸಿದರು. ವಸ್ತ್ರದ ಬದಲಿಗೆ ಮಣಿಯ ಕೈದಾರಗಳನ್ನು ಗುರುತಿಲ್ಲದವರಿಗೂ ಕಟ್ಟುತ್ತಿದ್ದರು. ನನ್ನ ಸುಕ್ಕುಗಟ್ಟಿದ ಮಣಿಕಟ್ಟಿಗೂ ಒಬ್ಬಳು ಒಂದನ್ನು ಕಟ್ಟಿದಳು. ನಮ್ಮ ಗೋಷ್ಠಿಗಳಲ್ಲಿ ನಾನು ಬಹುಕಾಲದಿಂದ ಕಂಡಿರುವ ಸಿದ್ಧಿಯೆಂದರೆ ಆಕಳಿಕೆ. ಅದನ್ನು ಮುನಿಯು ಹೆಸರಿಸಿಲ್ಲ.

ಒಂದು ನಷ್ಟ ನಿಜವಾದುದು. ಮಿತ್ರರು ಅದನ್ನೇ ಹಿಡಿದಿದ್ದರೆ ನಾನು ಸೋಲುತ್ತಿದ್ದೆನು. ತೆರೆಗೆ ಕಿವಿಯಿಲ್ಲ. ಕಛೇರಿಯಲ್ಲಿ ಒಬ್ಬ ರಸಿಕನು ‘ಭಲೆ’ ಎಂದರೆ ವಿದ್ವಾಂಸನು ಅದೇ ಸಂಗತಿಯನ್ನು ಇನ್ನೊಮ್ಮೆ ಬೆಳೆಸುತ್ತಾನೆ; ಕೇಳುವವನೂ ಹಾಡಿನ ಪಾಲುಗಾರನಾಗುತ್ತಾನೆ. ಚಿತ್ರದಲ್ಲಿ ಗಾಯಕಿ ನಗಬೇಕಾದಲ್ಲಿ ಎಂದೋ ನಕ್ಕು ಮುಗಿಸಿದ್ದಾಳೆ. ಈ ಕೊರತೆಯೂ ಹೊಸದಲ್ಲ. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿ, ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಹೇಳುತ್ತಿದ್ದ ಗೌಹರ್ ಜಾನ್ ಕಡೆಗಾಲಕ್ಕೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, ೧೯೩೦ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು. ಆಕೆಯ ತಟ್ಟೆಗಳನ್ನು ತಿರುಗಿಸಿ ತಲೆದೂಗಿದ ನಮ್ಮ ಹಿರಿಯರನ್ನು ಮೂಢರೆಂದು ಯಾರೂ ಕರೆಯಲಿಲ್ಲ.

ಮತ್ತೆ, ಛಾಯೆಯನ್ನು ಹಳಿಯುವ ನಾವು ನಮ್ಮ ಕೊಡಗಿನಲ್ಲಿ ಮಾಡುತ್ತಿರುವುದೇನು? ನಡಿಕೇರಿಯಂಡ ಚಿಣ್ಣಪ್ಪನವರು ಈ ನಾಡಿನ ಹಾಡುಗಳನ್ನು ಬಾಯಿಂದ ಬಾಯಿಗೆ ಕೇಳಿ ಸಂಗ್ರಹಿಸಿ, ೧೯೨೪ರಲ್ಲಿ ‘ಪಟ್ಟೋಲೆ ಪಳಮೆ’ಯೆಂದು ಅಚ್ಚುಹಾಕಿಸಿದರು. ದುಡಿ ಹಿಡಿದು ಇಬ್ಬರು ಹಾಡಿ ನಿಲ್ಲಿಸಿದ ಸೊಲ್ಲನ್ನು ಮತ್ತಿಬ್ಬರು ಎತ್ತಿಕೊಳ್ಳುವ ಆ ಹಾಡಿಗೆ ಕೇಳುವ ಕಿವಿಯೇ ಪ್ರಾಣ. ಈಗ ಎಷ್ಟೋ ಮದುವೆಯ ಮಂಟಪಗಳಲ್ಲಿ ದುಡಿಯ ನಾದವು ಧ್ವನಿವರ್ಧಕದಿಂದ ಬರುತ್ತದೆ, ಯಾರೂ ತಲೆಯೆತ್ತಿ ನೋಡುವುದಿಲ್ಲ. ಮಿತ್ರರ ಮನೆಯ ಕಳೆದ ಪುತ್ತರಿಯಲ್ಲಿಯೂ ಹಾಡಿದ್ದು ಅವರ ಕೈಯ ಮೊಬೈಲೇ. ಬೆಂಗಳೂರಿನ ಮಕ್ಕಳು ಛಾಯೆಯೊಡನೆ ಕೊರಳೆತ್ತಿ ತಾವೂ ಹಾಡಿದರು. ನಾವು ಛಾಯೆಗೆ ಹಾಡಲು ಬಿಟ್ಟು ಊಟಕ್ಕೆ ಕುಳಿತೆವು.

ಹೋದ ವರ್ಷ ಊರಿನ ಕೆಲವು ಕಾಲೇಜು ವಿದ್ಯಾರ್ಥಿಗಳು ತಿಂಗಳಿಗೊಂದು ಸಂಜೆ ದುಡಿಯನ್ನೂ ಗಿಟಾರನ್ನೂ ಕೂಡಿಸಿ ಹಾಡಲು ನಮ್ಮ ಸಭಾಭವನವನ್ನು ಕೇಳಿದ್ದರು. ಗದ್ದಲವಾಗುವುದು, ಕುರ್ಚಿಗಳು ಮುರಿಯುವುವು ಎಂದು ನಾವು ನಿರಾಕರಿಸಿದೆವು. ಆ ಕಾಗದಕ್ಕೆ ನನ್ನ ರುಜುವೂ ಬಿದ್ದಿದೆ. ಆ ನಿರ್ಣಯವನ್ನು ರದ್ದುಪಡಿಸಬೇಕೆಂದು ಮುಂದಿನ ಸಭೆಯಲ್ಲಿ ನಾನು ಸೂಚಿಸುವವನಿದ್ದೇನೆ. ಅನುಮೋದಕರೊಬ್ಬರು ಬೇಕಾಗಿದ್ದಾರೆ, ಮೇಲೆ ಹೇಳಿದ ಮಿತ್ರರೇ ಆದರೆ ಸಂತೋಷ.