ಮೂವರ ಮೇಳ, ನೂರರ ನಾದ

ಜಾತ್ರೆಗೆ ಇನ್ನೂ ಒಂದು ತಿಂಗಳಿರುವಾಗ ಬೀಳಗಿಯ ಕಡೆಯ ಹಳ್ಳಿಯೊಂದರಿಂದ ನಾಲ್ವರು ತರುಣರು ಜಮಖಂಡಿಯ ನಮ್ಮ ಮನೆಗೆ ಬಂದರು. ಅವರಲ್ಲಿ ಇಬ್ಬರು ನನ್ನ ಹಳೆಯ ವಿದ್ಯಾರ್ಥಿಗಳು. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯನ್ನು ಆಡುವ ಸಿದ್ಧತೆ ಊರಲ್ಲಿ ಭರದಿಂದ ನಡೆದಿತ್ತು. ಪಾತ್ರಗಳ ಹಂಚಿಕೆ ಮುಗಿದಿತ್ತು, ಮಾತುಗಳು ಬಾಯಿಗೆ ಬಂದಿದ್ದವು, ಪರದೆಯವರಿಗೆ ಮುಂಗಡವೂ ಸಂದಿತ್ತು. ಉಳಿದದ್ದು ಒಂದೇ ತಕರಾರು. ಅದರ ತೀರ್ಪಿಗಾಗಿ ಕನ್ನಡ ಎಂ.ಎ. ಮಾಡಿದವನ ಬಾಗಿಲು ತಟ್ಟಿದ್ದರು.

ತಕರಾರು ಇಷ್ಟೇ. ಊರ ಹಿರಿಯರಿಗೆ ವಾಡಿಕೆಯಂತೆ ಮೂವರ ಮೇಳ ಬೇಕು: ಪೇಟಿ ಮಾಸ್ತರರು, ತಬಲಾದವರು, ಕ್ಲಾರಿಯೋನೆಟ್ ಊದುವವರು. ತರುಣರಿಗೆ ಕೀಬೋರ್ಡಿನವನೊಬ್ಬ ಸಾಕು.

“ಮೂರು ಮಂದಿಗೆ ರೊಕ್ಕ ಕೊಡೂದು ಯಾಕ್ರಿ ಸರ್? ಒಂದು ಗುಂಡಿ ಒತ್ತಿದ್ರ ನೂರು ಪಿಟೀಲು ಬಾರಸ್ತಾವು. ಒಬ್ಬಾಂವನ ಎಲ್ಲಾ ಮಾಡ್ತಾನ” ಎಂದನು ಅವರಲ್ಲಿ ಚುರುಕಾದವನು.

“ಬರುವ ರವಿವಾರ ಹೇಳುತ್ತೇನೆ” ಎಂದೆನು. ಉತ್ತರ ತಿಳಿಯದ ಅಧ್ಯಾಪಕನು ಹೇಳುವ ಮಾತು ಇದೇ ಎಂಬುದನ್ನು ನನ್ನ ವಿದ್ಯಾರ್ಥಿಗಳು ಎಂದೋ ಅರಿತಿದ್ದಾರೆ. ನಗುತ್ತ ಹೊರಟುಹೋದರು.

ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದಕ್ಕೊಂದು ಕಾರಣವಿತ್ತು. ಕೆಲವು ವಾರಗಳಿಂದ ರಾತ್ರಿಯ ಊಟವಾದ ಮೇಲೆ ನಾನು ಒಂದು ಪಾಶ್ಚಾತ್ಯ ಕೃತಿಯನ್ನು ಎರಡು ರೂಪಗಳಲ್ಲಿ ಕೇಳುತ್ತಿದ್ದೆನು. ಒಂದರಲ್ಲಿ ಪೂರ್ಣ ವಾದ್ಯವೃಂದ. ಇನ್ನೊಂದರಲ್ಲಿ ಬೆರಳೆಣಿಕೆಯ ವಾದಕರು. “ಅದನ್ನೇ ಎಷ್ಟು ಸಲ ಕೇಳುತ್ತೀರಿ? ಪರೀಕ್ಷೆಗೇನಾದರೂ ಇಟ್ಟಿದ್ದಾರೆಯೇ?” ಎಂದು ನನ್ನ ಮನೆಯಾಕೆ ಕೇಳಿಯೂ ಆಗಿತ್ತು.

ಪಾಶ್ಚಾತ್ಯರಿಗೆ ಸಿಂಫನಿಯೆಂದರೆ ನಮಗೆ ಮಹಾಕಾವ್ಯವಿದ್ದಂತೆ. ಸಾಮಾನ್ಯವಾಗಿ ಅದಕ್ಕೆ ನಾಲ್ಕು ಭಾಗಗಳು. ಪಿಟೀಲಿನ ಮನೆತನದ ತಂತಿವಾದ್ಯಗಳು, ಕೊಳಲು ಕ್ಲಾರಿಯೋನೆಟ್ ಮೊದಲಾದ ಸುಷಿರವಾದ್ಯಗಳು, ಹಿತ್ತಾಳೆಯ ಕಹಳೆಗಳು, ನಗಾರಿಗಳು ಎಲ್ಲ ಕೂಡಿ ದೊಡ್ಡ ಕೃತಿಯೊಂದಕ್ಕೆ ಎಂಬತ್ತು ನೂರು ಮಂದಿ ಬೇಕಾಗುತ್ತಾರೆ. ಗುಸ್ತಾವ್ ಮಾಹ್ಲರನ ಎಂಟನೆಯ ಸಿಂಫನಿಯು 1910ರ ಸೆಪ್ಟೆಂಬರ್ 12ರಂದು ಮ್ಯೂನಿಕ್ ನಗರದಲ್ಲಿ ಮೊದಲ ಸಲ ನುಡಿದಾಗ ಗಾಯಕರೂ ವಾದಕರೂ ಸೇರಿ ಸಾವಿರಕ್ಕೂ ಮಿಕ್ಕಿದ ಜನ ವೇದಿಕೆಯ ಮೇಲಿದ್ದರು. ನಮ್ಮ ಹಳ್ಳಿಗಳಲ್ಲಿ ಹಾಗಾದರೆ ಊರೆಲ್ಲ ವೇದಿಕೆಯ ಮೇಲೆಯೇ ಇರಬೇಕಾದೀತು, ಕೇಳುವವರು ಉಳಿಯಲಾರರು!

ಇಂಥ ಸಂಗೀತವನ್ನು ಪೋಷಿಸುವುದಕ್ಕೆ ಅರಸರ ಬೊಕ್ಕಸವೇ ಬೇಕು. ನಮ್ಮ ಮೈಸೂರಿನ ಜಯಚಾಮರಾಜ ಒಡೆಯರು ಅಂಥ ಪೋಷಕರಾಗಿದ್ದರು. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ರಿಚರ್ಡ್ ಸ್ಟ್ರಾಸನ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲು ಕೇಳಿಬಂದಾಗ ಅದರ ವೆಚ್ಚಕ್ಕೆ ಹೊಣೆಯಾಗಿ ನಿಂತವರು ಅವರೇ. ಜಮಖಂಡಿಯ ಪಟವರ್ಧನರದಾಗಲಿ ಮುಧೋಳದ ಘೋರ್ಪಡೆಯವರದಾಗಲಿ ಅಷ್ಟು ದೊಡ್ಡ ಸಂಸ್ಥಾನವಾಗಿರಲಿಲ್ಲ. 1948ರಲ್ಲಿ ಅವೂ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಹಾಗಾದರೆ ಅರಸರಿಲ್ಲದ ಊರಿಗೆ ದೊಡ್ಡ ಸಂಗೀತವು ಬರುವುದು ಹೇಗೆ?

ಈ ಪ್ರಶ್ನೆ ನಮಗಿಂತ ಮುಂಚೆ ವಿಯೆನ್ನಾ ನಗರಕ್ಕೆ ಎದುರಾಗಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಸೋತು, ಸಾಮ್ರಾಜ್ಯವನ್ನು ಕಳೆದುಕೊಂಡು, ಹೊಟ್ಟೆಯ ಚಿಂತೆಯಲ್ಲಿದ್ದ ಆ ಊರಿನಲ್ಲಿ 1918ರ ಕೊನೆಗೆ ಆರ್ನಾಲ್ಡ್ ಷೋನ್‌ಬರ್ಗನು ಹೊಸ ಸಂಗೀತವನ್ನು ಕೇಳುವವರದೊಂದು ಸಂಘವನ್ನು ಕಟ್ಟಿದನು. ಅಲ್ಲಿ ಚಪ್ಪಾಳೆ ತಟ್ಟಕೂಡದು. ಪತ್ರಿಕೆಯ ವಿಮರ್ಶಕರಿಗೆ ಪ್ರವೇಶವಿಲ್ಲ. ಇಂದು ಯಾವ ಕೃತಿಯೆಂಬುದನ್ನು ಮುಂದಾಗಿ ಹೇಳುವುದಿಲ್ಲ. ದೊಡ್ಡ ವೃಂದವನ್ನು ಕರೆಸಲು ಹಣವಿಲ್ಲದ್ದರಿಂದ ದೊಡ್ಡ ಕೃತಿಗಳನ್ನು ಸಣ್ಣ ಮೇಳಕ್ಕೆ ಇಳಿಸಿಕೊಂಡರು. ಮಾಹ್ಲರನ ನಾಲ್ಕನೆಯ ಸಿಂಫನಿಯನ್ನು 1921ರಲ್ಲಿ ಹಾಗೆ ಇಳಿಸಿದವನು ಷೋನ್‌ಬರ್ಗನ ಶಿಷ್ಯ ಎರ್ವಿನ್ ಸ್ಟೈನ್. ಕೊಳಲು, ಓಬೋ, ಕ್ಲಾರಿಯೋನೆಟ್ ಒಂದೊಂದು, ಎರಡು ಪಿಟೀಲು, ಅದರ ಹಿರಿಯ ಸೋದರರಾದ ವಿಯೋಲಾ, ಚೆಲ್ಲೋ, ಬಾಸ್, ಪಿಯಾನೋ, ತಾಳವಾದ್ಯಗಳು, ಕೊನೆಯ ಭಾಗಕ್ಕೆ ಒಬ್ಬ ಗಾಯಕಿ. ಇವರೆಲ್ಲರ ಜೊತೆಗೆ ಇನ್ನೊಂದು ವಾದ್ಯ. ಯಾವುದು ಬಲ್ಲಿರಾ? ಹಾರ್ಮೋನಿಯಂ! ಸಾಕ್ಷಾತ್ ನಮ್ಮ ಪೇಟಿಯ ದಾಯಾದಿ! ಆ ಮೇಳದಲ್ಲಿಲ್ಲದ ಕಹಳೆ ಕೊಂಬುಗಳು ಹಿಡಿಯಬೇಕಾಗಿದ್ದ ದೀರ್ಘಸ್ವರಗಳನ್ನು ತನ್ನ ಉಸಿರಿನಲ್ಲಿ ಹಿಡಿದು ನಿಲ್ಲಿಸುವ ಕೆಲಸ ಅದರದು. ಅದೇ ವರ್ಷ ಮೇ ತಿಂಗಳಲ್ಲಿ ಸಂಘಕ್ಕೆ ಹಣ ಕೂಡಿಸಲೆಂದು ವಾಲ್ಟ್ಸ್ ನೃತ್ಯಸಂಗೀತದ ಒಂದು ಸಂಜೆಯನ್ನು ಏರ್ಪಡಿಸಿದರು. ಷೋನ್‌ಬರ್ಗನೇ ಪಿಟೀಲು ಹಿಡಿದನು, ವೆಬರ್ನ್ ಚೆಲ್ಲೋ ನುಡಿಸಿದನು, ಆಲ್ಬನ್ ಬರ್ಗ್ ಹಾರ್ಮೋನಿಯಂಗೆ ಕುಳಿತನು. ಜಗತ್ಪ್ರಸಿದ್ಧನಾಗಲಿದ್ದ ಒಬ್ಬ ಪೇಟಿ ಮಾಸ್ತರ! ಆದರೂ ಹಣದುಬ್ಬರದ ಮುಂದೆ ಸಂಘ ಬಾಳಲಿಲ್ಲ. ಆ ವರ್ಷವೇ ಅದರ ಕಾರ್ಯ ನಿಂತಿತು.

ಇಳಿಸಿದ್ದರಿಂದ ನಷ್ಟವಾಗಲಿಲ್ಲವೇ? ಆಯಿತು. ಮೂರನೆಯ ಭಾಗದ ಕೊನೆಯಲ್ಲಿ ಸ್ವರ್ಗದ ಹೆಬ್ಬಾಗಿಲು ತೆರೆದಂತೆ ಇಡೀ ವೃಂದ ಒಮ್ಮೆಲೆ ಭೋರ್ಗರೆಯುವ ಸ್ಥಳವೊಂದುಂಟು. ಸಣ್ಣ ಮೇಳಕ್ಕೆ ಆ ಬಾಗಿಲು ಅರ್ಧವೇ ತೆರೆಯುತ್ತದೆ. ಆದರೆ ಆರಂಭದ ಗೆಜ್ಜೆಯ ನಾದವಿದೆ, ಅದಕ್ಕೆ ಕೊಳಲಿನ ಜೊತೆಯಿದೆ, ಪಿಟೀಲು ಆಡಿದ ಮಾತಿಗೆ ಕ್ಲಾರಿಯೋನೆಟ್ ಕೊಡುವ ಮರುಮಾತಿದೆ. ದೊಡ್ಡ ವೃಂದದಲ್ಲಿ ನನ್ನ ಕಿವಿಗೆ ಬೀಳದೆ ಹೋಗಿದ್ದ ಎಷ್ಟೋ ಒಳಮಾತುಗಳು ಇಲ್ಲಿ ಕೇಳಿಸಿದವು.

ಹೀಗೆ ಯೋಚಿಸುತ್ತಿರುವಾಗ, ನಮ್ಮ ಮುಧೋಳದ ರನ್ನನು ಮಾಡಿದ್ದೂ ಇದನ್ನೇ ಅಲ್ಲವೇ ಎಂದು ಹೊಳೆಯಿತು. ಪಂಪನು 14 ಆಶ್ವಾಸಗಳಲ್ಲಿ ಇಡೀ ಭಾರತವನ್ನು ಹೇಳಿದನು. ರನ್ನನು ಅದರ ಕೊನೆಯ ಕಾಳಗವೊಂದನ್ನೇ ಎತ್ತಿಕೊಂಡು, ಸಿಂಹಾವಲೋಕನ ಕ್ರಮದಿಂದ ಹಿಂದಿನದನ್ನೆಲ್ಲ ತಿರುಗಿ ನೋಡುತ್ತ, ಇಬ್ಬರ ಗದೆಗಳ ನಡುವೆ ಕುರುಕ್ಷೇತ್ರವನ್ನೇ ತಂದು ನಿಲ್ಲಿಸಿದನು. ಅಕ್ಷೌಹಿಣಿಗಳು ಅಲ್ಲಿಲ್ಲ, ಆದರೆ ಭೀಮನ ಎದುರಿಗೆ ದುರ್ಯೋಧನನಿದ್ದಾನೆ. ಅವನನ್ನು ತೆಗೆದುಬಿಟ್ಟರೆ ಗದಾಯುದ್ಧವೆಲ್ಲಿ ಉಳಿದೀತು?

ನಮ್ಮ ಸೀಮೆಯ ಶ್ರೀಕೃಷ್ಣ ಪಾರಿಜಾತವನ್ನೇ ನೋಡಿರಿ. ಕುಲಗೋಡ ತಮ್ಮಣ್ಣನ ಕಾಲದಿಂದ ಬೆಳೆದು ಕೌಜಲಗಿ ನಿಂಗಮ್ಮನ ಕಂಠದಲ್ಲಿ ಹೆಸರಾದ ಆ ಆಟದಲ್ಲಿ ದ್ವಾರಕೆಯ ವೈಭವವನ್ನು ತೋರಿಸಲು ಇರುವುದು ಒಂದು ಪೇಟಿ, ತಬಲಾ, ತಾಳ. ಹಿಮ್ಮೇಳದವರು ಸೊಲ್ಲೆತ್ತಿ ಹಾಡಿದರೆ, ಸತ್ಯಭಾಮೆಯ ಮುನಿಸಿಗೆ ದೂತನ ಕುಚೋದ್ಯದ ಮರುಮಾತು ಬಂದರೆ, ಬೆಳಗಾದುದೇ ಯಾರಿಗೂ ತಿಳಿಯುವುದಿಲ್ಲ.

ಶನಿವಾರ ಪೇಟಿ ಮಾಸ್ತರರನ್ನು ಕಾಣಲು ಬನಹಟ್ಟಿಗೆ ಹೋದೆನು. ಹಗಲು ಮಗ್ಗ, ರಾತ್ರಿ ಪೇಟಿ. ಎಪ್ಪತ್ತು ದಾಟಿದ ಜೀವ. ನಾನು ವಿಯೆನ್ನಾದ ಕಥೆಯನ್ನೆಲ್ಲ ಹೇಳಿ ಮುಗಿಸಿದಾಗ ಅವರು ಲಾಳಿಯನ್ನು ಕೆಳಗಿಟ್ಟು ನಕ್ಕರು.

“ಎಳಿ ಕಡಿಮಿ ಮಾಡಿದ್ರ ಅರಿವಿ ತೆಳ್ಳಗಾಗ್ತದರಿ. ಹೊಕ್ಕ ಬಿಟ್ರ ಅರಿವೀನ ಆಗೂದಿಲ್ಲ.”

ವಾರವೆಲ್ಲ ನಾನು ಹುಡುಕುತ್ತಿದ್ದ ಮಾತು ಇದು. ಹಾಸಿನ ಎಳೆಗಳು ಎಷ್ಟೇ ಇರಲಿ, ಅವನ್ನು ಅಡ್ಡಹಾಯ್ದು ಬರುವ ಹೊಕ್ಕು ಬೇಕು. ಒಂದು ದನಿಯನ್ನು ಕೇಳಿಸಿಕೊಂಡು ಇನ್ನೊಂದು ದನಿ ಹುಟ್ಟಬೇಕು. ಗುಂಡಿಯೊಳಗಿನ ನೂರು ಪಿಟೀಲುಗಳು ಒಬ್ಬನ ಹತ್ತು ಬೆರಳಿಗೆ ವಿಧೇಯವಾಗಿ ಹೂಂಗುಡುತ್ತವೆ. ಅವುಗಳಲ್ಲಿ ಒಂದೂ ಮರುಮಾತಾಡುವುದಿಲ್ಲ.

ಈ ಜಾಣತನವನ್ನು ಅವರಿಗೇ ಒಪ್ಪಿಸಿ ಹೊಗಳಿಕೆಯನ್ನು ನಿರೀಕ್ಷಿಸುತ್ತ ಕುಳಿತೆನು. ಮುದುಕರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ ಹೇಳಿದರು: “ನಮ್ಮ ಗುರುಗಳು ಕಂಪನಿಗೆ ಪೇಟಿ ತಂದಾಗ ಅಲ್ಲೊಬ್ಬ ಸಾರಂಗಿಯವ ಇದ್ದನಂತರಿ. ಆರು ತಿಂಗಳದಾಗ ಅವನ್ನ ಬಿಡಿಸಿದ್ರು. ಪೇಟಿ ಇದ್ದ ಮ್ಯಾಲ ಸಾರಂಗಿ ಯಾಕ ಅಂತ.”

ನನ್ನ ತೀರ್ಪಿನ ಗರ್ವ ಅಲ್ಲಿಯೇ ಇಳಿಯಿತು. ಪೇಟಿಯಾದರೂ ಈ ನೆಲದ್ದಲ್ಲ. 1840ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನಲ್ಲಿ ಡಿಬೇನನ ಕೈಯಲ್ಲಿ ಹುಟ್ಟಿ, ಕಲಕತ್ತೆಯಲ್ಲಿ ದ್ವಾರಕಾನಾಥ ಘೋಷರ ಕೈಯಲ್ಲಿ ನೆಲದ ಮೇಲೆ ಕುಳಿತು ನುಡಿಸುವ ರೂಪವನ್ನು ತಾಳಿತು. ಅದಕ್ಕೆ ಮೀಂಡ್ ಬಾರದು, ನಮ್ಮ ಶ್ರುತಿಗಳ ಸೂಕ್ಷ್ಮ ಹೊಂದದು ಎಂದು ಆಕಾಶವಾಣಿಯವರು 1940ರಲ್ಲಿ ಹೊರಗಿಟ್ಟರು. 1971ರ ವರೆಗೂ ಅದು ಬಾಗಿಲಾಚೆಯೇ ಉಳಿಯಿತು. ಕಾಗವಾಡದಲ್ಲಿ 1917ರಲ್ಲಿ ಹುಟ್ಟಿದ ರಾಂಭಾವು ಬಿಜಾಪುರೆಯವರಂಥ ವಾದಕರು ಅದೇ ಪೇಟಿಯಲ್ಲಿ ಗಾಯಕರ ನೆರಳಾಗಿ ನಡೆದು ಅದಕ್ಕೆ ಮಾನವನ್ನು ತಂದರು. ಅದಕ್ಕೂ ದುಡಿಮೆ ಬೇಕಾಯಿತು, ಒಂದು ಆಯುಷ್ಯವೇ ಬೇಕಾಯಿತು. ಮುಂದೊಮ್ಮೆ ಕೀಬೋರ್ಡಿಗೂ ಅಂಥ ತಪಸ್ವಿ ದೊರೆಯಲಾರನೆಂದು ನಾನು ಹೇಗೆ ಹೇಳಲಿ? ದೋಷ ಯಂತ್ರದ್ದಲ್ಲ. “ಒಬ್ಬನಿದ್ದರೆ ಉಳಿದವರು ಯಾಕೆ?” ಎಂಬ ಲೆಕ್ಕ ಮಾತ್ರ ಅಂದಿನದೂ ಇಂದಿನದೂ ಒಂದೇ.

ರವಿವಾರ ತರುಣರಿಗೆ ಈ ಎಲ್ಲವನ್ನೂ, ಸಾರಂಗಿಯವನ ಕಥೆಯನ್ನೂ ಮುಚ್ಚಿಡದೆ ಹೇಳಿದೆನು. ತೀರ್ಪನ್ನು ಅವರಿಗೇ ಬಿಟ್ಟೆನು. ಅವರು ಒಂದು ಪರದೆಯನ್ನೂ ಬಣ್ಣದ ದೀಪಗಳನ್ನೂ ಕಡಿಮೆ ಮಾಡಿ ಮೂವರಿಗೂ ವೀಳ್ಯ ಕೊಟ್ಟರು.

ಆಟದ ರಾತ್ರಿ ನಾನೂ ಹೋಗಿದ್ದೆನು. ಎಲ್ಲವೂ ಚೆನ್ನಾಗಿತ್ತೆಂದರೆ ಸುಳ್ಳಾದೀತು. ಮೈಕು ಕೆಟ್ಟು, ಹಿಂದೆ ಕುಳಿತವರಿಗೆ ಅರ್ಧ ಹಾಡು ಕೇಳಿಸಲಿಲ್ಲ. ಕೀಬೋರ್ಡೇ ಆಗಬೇಕಿತ್ತೆಂದು ಯಾರೋ ಕೂಗಿದರು. ಆದರೆ ಮಕ್ಕಳನ್ನು ಕಳೆದುಕೊಂಡ ದ್ರೌಪದಿ ರಂಗದ ನಡುವೆ ಕುಸಿದಾಗ ಮಾಸ್ತರರು ಒಂದೇ ಸ್ವರವನ್ನು ಹಿಡಿದು ಸುಮ್ಮನೆ ನಿಂತರು. ತಬಲಾ ಮೌನವಾಯಿತು. ಪಾತ್ರಧಾರಿಣಿಯ ಕಂಠ ನಡುವೆ ಒಡೆದು ಹಾಡು ನಿಂತಿತು. ಅವಳು ಬಿಟ್ಟ ಸಾಲನ್ನು, ಅವಳ ಮುಖವನ್ನೇ ನೋಡುತ್ತಿದ್ದ ಕ್ಲಾರಿಯೋನೆಟ್ಟಿನವನು ಮೆಲ್ಲನೆ ಎತ್ತಿಕೊಂಡು, ಅವಳ ಉಸಿರು ತಿರುಗುವ ವರೆಗೆ ನಡೆಸಿ, ಮತ್ತೆ ಅವಳ ಕೈಗೆ ಒಪ್ಪಿಸಿದನು. ಹಿಂದಿನ ಸಾಲಿನ ಗದ್ದಲವೂ ಅಡಗಿತು.

ಮರಳಿ ಬರುವಾಗ ಆ ಚುರುಕು ತರುಣನು ನನ್ನ ಜೊತೆಗೆ ಬಸ್ಸಿನ ವರೆಗೆ ನಡೆದು ಬಂದನು. ದಾರಿಯುದ್ದಕ್ಕೂ ಮಾತಿಲ್ಲ. ಕೊನೆಗೆ ಕೇಳಿದನು:

“ಸರ್, ಆ ಸಾರಂಗಿಯವ ಮುಂದ ಏನಾದ್ನಂತ್ರಿ?”

ಮಾಸ್ತರರನ್ನು ನಾನು ಅದನ್ನು ಕೇಳಿಯೇ ಇರಲಿಲ್ಲ.