ಅದು ಎರಡು ತಲೆಯ ಹದ್ದಲ್ಲ!

ಮೊನ್ನೆ ಸೋಮನಾಥಪುರಕ್ಕೆ ಹೋಗಿದ್ದೆ. ಕೇಶವ ದೇವಾಲಯದ ಜಗತಿಯ ಮೇಲೆ, ಆನೆಗಳ ಸಾಲಿನ ಮೇಲುಗಡೆ ಸಾಗುವ ಕುದುರೆ ಸವಾರರ ಪಟ್ಟಿಕೆಯನ್ನು ನೋಡುತ್ತ ಒಬ್ಬ ನಿವೃತ್ತ ಸೈನಿಕರು ನಿಂತಿದ್ದರು. ಅವರ ಕೋಟಿನ ಮೇಲೆ 61ನೆಯ ಅಶ್ವದಳದ ಬಿಲ್ಲೆ ಇತ್ತು. ಅದರಲ್ಲಿ ಎರಡು ತಲೆಯ ಪಕ್ಷಿ. ಬೆಂಗಳೂರಿನಿಂದ ಬಂದಿದ್ದ ವಿದ್ಯಾವಂತರೊಬ್ಬರು ಬಗ್ಗಿ ನೋಡಿ, "ಓಹೋ, ಡಬಲ್ ಹೆಡೆಡ್ ಈಗಲ್! ಆಸ್ಟ್ರಿಯದ್ದೋ ರಷ್ಯದ್ದೋ ಇರಬೇಕು. ಬ್ರಿಟಿಷರು ತಂದು ನಮಗೆ ಅಂಟಿಸಿದ್ದಾರೆ" ಎಂದರು. ಸೈನಿಕರು ನಕ್ಕು ಸುಮ್ಮನಾದರು. ನಾನೂ ಅಲ್ಲಿ ಸುಮ್ಮನಿದ್ದೆ. ಅದು ತಪ್ಪಾಯಿತು, ಇಲ್ಲಿ ಹೇಳುತ್ತೇನೆ.

ಅದು ಹದ್ದಲ್ಲ, ಗಂಡಭೇರುಂಡ. ಬ್ರಿಟಿಷರು ಈ ನೆಲಕ್ಕೆ ಕಾಲಿಡುವುದಕ್ಕೆ ಐದು ಶತಮಾನಗಳಿಗೂ ಹಿಂದೆ, 1047ರಲ್ಲಿ, ಬಳ್ಳಿಗಾವೆಯಲ್ಲಿ ಭೇರುಂಡನ ಕಂಬ ನಿಂತಿತು. ಅಲ್ಲಿ ಅದಕ್ಕೆ ಮನುಷ್ಯನ ದೇಹ, ಹಕ್ಕಿಯ ಎರಡು ತಲೆ. ವಿಜಯನಗರದ ಅಚ್ಯುತರಾಯನ ನಾಣ್ಯದಲ್ಲಿ ಅದು ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳನ್ನು ಹಿಡಿದಿದೆ. ಝಾರ್ ದೊರೆಗಳ ಹದ್ದು ಹಿಡಿದದ್ದು ರಾಜದಂಡವನ್ನು ಮತ್ತು ಗೋಳವನ್ನು. ಆನೆಗೂ ಗೋಳಕ್ಕೂ ವ್ಯತ್ಯಾಸ ತಿಳಿಯಲು ಪಾಂಡಿತ್ಯ ಬೇಕೆ? ಎರಡು ತಲೆಯ ಪಕ್ಷಿಯ ಕಲ್ಪನೆ ಹಲವು ದೇಶಗಳಲ್ಲಿ ಉಂಟು, ನಿಜ. ತಕ್ಷಶಿಲೆಯಲ್ಲೂ ಉಂಟು. ಆದರೆ ಹೋಲಿಕೆ ಕಂಡಕೂಡಲೆ ನಮ್ಮದನ್ನೇ ನಕಲೆಂದು ತೀರ್ಮಾನಿಸುವ ಆತುರ ನಮಗೇಕೆ?

ಈ ಸೋಮನಾಥಪುರವನ್ನು ಕಟ್ಟಿದವನೂ ಒಬ್ಬ ದಂಡನಾಯಕನೇ. ಮೂರನೆಯ ನರಸಿಂಹನ ಸೇನಾನಿ ಸೋಮನಾಥ 1258ರಲ್ಲಿ ಈ ದೇಗುಲವನ್ನು ನಿಲ್ಲಿಸಿದ. ಅವನ ಒಡೆಯರ ಲಾಂಛನ ಹುಲಿಯನ್ನು ಇರಿಯುವ ಸಳ. ಸಳನನ್ನು ನೋಡಿ ಯಾರಾದರೂ ಗ್ರೀಕರ ಹರ್ಕ್ಯುಲಿಸ್ ಎಂದಾರೆಯೆ? ಭೇರುಂಡಕ್ಕೆ ಮಾತ್ರ ಏಕೆ ಈ ಪಾಡು?

ಇನ್ನು ಬಿಲ್ಲೆಯ ಕತೆ. ಮೈಸೂರು ಸಂಸ್ಥಾನದ ಗಂಡಭೇರುಂಡ ಮೈಸೂರು ಲ್ಯಾನ್ಸರ್ಸ್ ದಳದ ಗುರುತೂ ಆಗಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದ ಸವಾರರು ಊರಿನತ್ತ ನುಗ್ಗಿದಾಗ, ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಇಳಿಜಾರಿನ ಫಿರಂಗಿಗಳ ಮೇಲೆ ಏರಿಹೋಯಿತು. ಆ ಫಿರಂಗಿಗಳ ಹಿಂದಿದ್ದವರು ಯಾರು? ಆಸ್ಟ್ರಿಯದ ಗೋಲಂದಾಜರು! ಎರಡು ತಲೆಯ ಹದ್ದಿನ ಸಾಮ್ರಾಜ್ಯದವರು. ಹದ್ದು ಬೇರೆ, ಭೇರುಂಡ ಬೇರೆ ಎಂಬುದು ಅಂದು ಆ ಬೆಟ್ಟದ ಮೇಲೆಯೇ ಇತ್ಯರ್ಥವಾಗಿದೆ. 1953ರಲ್ಲಿ ಸಂಸ್ಥಾನಗಳ ಅಶ್ವದಳಗಳು ಕೂಡಿ 61ನೆಯ ಅಶ್ವದಳವಾದಾಗ ನಮ್ಮ ಪಕ್ಷಿ ಎಲ್ಲರ ಬಿಲ್ಲೆಯಾಯಿತು.

"ಅದು ಅರಸೊತ್ತಿಗೆಯ ಪಳೆಯುಳಿಕೆ, ಪ್ರಜೆಗಳಿಗೇಕೆ?" ಎನ್ನುವವರೂ ಇದ್ದಾರೆ. ಅವರು ಸರ್ಕಾರಿ ಬಸ್ಸನ್ನು ಹತ್ತುವ ಮುನ್ನ ಅದರ ಮೈಮೇಲೆ ಒಮ್ಮೆ ಕಣ್ಣಾಡಿಸಲಿ. ಕರ್ನಾಟಕದ ರಾಜ್ಯಲಾಂಛನವನ್ನೂ ನೋಡಲಿ: ನಡುವೆ ಗುರಾಣಿಯಲ್ಲಿ ಭೇರುಂಡ, ಮೇಲೆ ಅಶೋಕನ ಸಿಂಹಗಳು, ಎರಡೂ ಕಡೆ ಶರಭಗಳು. ಪುರಾಣದಲ್ಲಿ ಶರಭವೂ ಭೇರುಂಡವೂ ಹಗೆಗಳು. ಲಾಂಛನದಲ್ಲಿ ಜೊತೆಯಾಗಿ ನಿಂತಿವೆ. ಪ್ರಜಾರಾಜ್ಯಕ್ಕೆ ಇದಕ್ಕಿಂತ ಒಳ್ಳೆಯ ಮಾತನ್ನು ಯಾವ ಚಿತ್ರ ಹೇಳೀತು? ಹೈಫಾದಲ್ಲಿ ಫಿರಂಗಿಗೆ ಎದೆಯೊಡ್ಡಿದವರೂ ಸಿಂಹಾಸನದ ಮೇಲಿದ್ದವರಲ್ಲ, ಸಂಬಳದ ಸವಾರರು. ಅವರ ಹೆಸರಿನ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ, ಅದರ ಮುಂದೆ ದಿನವೂ ಹಾದುಹೋಗುವ ನಮ್ಮಲ್ಲಿ ಎಷ್ಟು ಮಂದಿ ನಿಂತು ನೋಡಿದ್ದೇವೆ?

ಸೈನಿಕನಿಗೆ ಬಿಲ್ಲೆ ಅಲಂಕಾರವಲ್ಲ. ತನಗಿಂತ ಮುಂಚೆ ಅದನ್ನು ಧರಿಸಿ ಮಡಿದವರ ಋಣ. ರಾಜಸ್ಥಾನದ ತರುಣನೊಬ್ಬ ಜೈಪುರದಲ್ಲಿ ಈ ಪಕ್ಷಿಯನ್ನು ಹೆಮ್ಮೆಯಿಂದ ಧರಿಸುತ್ತಾನೆ. ಅದರ ಹೆಸರನ್ನು ಸರಿಯಾಗಿ ಹೇಳುವಷ್ಟಾದರೂ ಹೊಣೆ ಅದು ಹುಟ್ಟಿ ಬೆಳೆದ ನಾಡಿನವರಿಗೆ ಬೇಡವೆ? ಆ ವೃದ್ಧರ ಕ್ಷಮೆ ಕೇಳಿ ಇಷ್ಟನ್ನು ಬರೆದಿದ್ದೇನೆ.